ಪುನರ್ಪುಳಿ ಮಾರಲು ಪ್ಲಗಿನ್, ಎಸ್‌ಇಒ ಸಂಸ್ಥೆ, ಜಾಹೀರಾತು, ಕೊನೆಗೆ ನಾನೇ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಅಂಗಡಿಯ ಜಾಲತಾಣ ಗೂಗಲ್‌ನಲ್ಲಿ ಜನರ ಕಣ್ಣಿಗೆ ಬೀಳಲೆಂದು ನಾನು ನೋಡಿದ ನಾಲ್ಕು ದಾರಿಗಳ ಈ ಹೋಲಿಕೆಯಲ್ಲಿ ನಾನು ಪಕ್ಷಪಾತಿ. ಒಂದು ಎಸ್‌ಇಒ ಸಂಸ್ಥೆಗೆ ತಿಂಗಳಿಗೆ 12,000 ರೂಪಾಯಿಯಂತೆ ಆರು ತಿಂಗಳು ಕೊಟ್ಟು ಕೈ ಸುಟ್ಟುಕೊಂಡವಳು ಆ ಸಂಸ್ಥೆಯ ಬಗ್ಗೆ ತಣ್ಣಗೆ ಬರೆಯುತ್ತಾಳೆ ಎಂದು ಯಾರೂ ನಿರೀಕ್ಷಿಸಬೇಡಿ. ಈಗ ನಮ್ಮ ಜಾಲತಾಣದ ಎಸ್‌ಇಒ ಕೆಲಸ, ಎಂದರೆ ಹುಡುಕಾಟದ ಫಲಿತಾಂಶದಲ್ಲಿ ತಾಣ ಮೇಲೆ ಬರುವಂತೆ ಮಾಡುವ ಕೆಲಸ, ನನ್ನದೇ. ಭಾನುವಾರ ಬೆಳಗ್ಗೆ ಎರಡು ಗಂಟೆ ಕಾಲ, ನಮ್ಮ ತಾಣ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆದಿಟ್ಟುಕೊಂಡು ಕೂರುತ್ತೇನೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ಮಟ್ಟಿಗೆ ಗೆದ್ದದ್ದು ಅದು. ಉಳಿದವು ಎಲ್ಲಿ ಸೋತವು, ಎಲ್ಲಿ ಅಷ್ಟೇನೂ ಸೋಲಲಿಲ್ಲ ಎಂಬುದನ್ನು ಹೇಳುತ್ತೇನೆ.

ಉಡುಪಿಯ ರಥಬೀದಿಯಿಂದ ಎರಡು ತಿರುವು ಆಚೆ ನಮ್ಮದೊಂದು ಸಣ್ಣ ಅಂಗಡಿ ಇದೆ. ಅತ್ತೆಯ ಕೈಯ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕ ಮೆಣಸು, ಪುನರ್ಪುಳಿಯ (ಕೋಕಂ ಹಣ್ಣಿನ) ಒಣಸಿಪ್ಪೆ ಮತ್ತು ಶರಬತ್ತು, ಇಷ್ಟೇ ಸರಕು. ಬೆಂಗಳೂರು, ಮುಂಬಯಿಯಲ್ಲಿರುವ ಊರಿನವರು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ ಕೇಳಿ, 2023ರಲ್ಲಿ ಮೈದುನ ವರ್ಡ್‌ಪ್ರೆಸ್‌ನಲ್ಲಿ ಒಂದು ತಾಣ ಕಟ್ಟಿಕೊಟ್ಟ. ಒಟ್ಟು ಪುಟಗಳು ಮೂವತ್ತೂ ಇಲ್ಲ. ಮುಂದಿನದನ್ನು ಓದುವಾಗ ಇದು ನೆನಪಿರಲಿ. ಸಾವಿರ ಪುಟಗಳ ತಾಣ ಇರುವವರ ಲೆಕ್ಕ ಬೇರೆ.

ಮೊದಲು ಕೊಂಡದ್ದು ಪ್ಲಗಿನ್, ಎಂದರೆ ವರ್ಡ್‌ಪ್ರೆಸ್‌ಗೆ ಜೋಡಿಸುವ ಸಣ್ಣ ತಂತ್ರಾಂಶ. ವರ್ಷಕ್ಕೆ ಸುಮಾರು ಎಂಟು ಸಾವಿರ. ಪುಟ ಬರೆದು ಮುಖ್ಯ ಪದ ಯಾವುದೆಂದು ತಿಳಿಸಿದರೆ, ಬರಹ ಸರಿಯಿದ್ದಾಗ ಹಸಿರು ದೀಪ, ಇಲ್ಲದಿದ್ದಾಗ ಕೆಂಪು. ನಾನು ‘ಪುನರ್ಪುಳಿ’ ಎಂದು ಕೊಟ್ಟೆ. ಪುಟದ ತುಂಬ ಪುನರ್ಪುಳಿಯನ್ನು, ಪುನರ್ಪುಳಿಯಿಂದ, ಪುನರ್ಪುಳಿಗೆ ಎಂದು ಬರೆದಿದ್ದೆ. ಪ್ಲಗಿನ್ ಅವುಗಳಲ್ಲಿ ಒಂದನ್ನೂ ಗುರುತಿಸಲಿಲ್ಲ, ‘ನಿಮ್ಮ ಪದ ಬಹಳ ಕಡಿಮೆ ಸಲ ಬಂದಿದೆ’ ಎಂದಿತು. ವಿಭಕ್ತಿ ಪ್ರತ್ಯಯ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಹಸಿರು ದೀಪದ ಆಸೆಗೆ ವಾಕ್ಯಗಳನ್ನೆಲ್ಲ ಮುರಿದು ಪ್ರಥಮಾ ವಿಭಕ್ತಿಗೆ ತಂದೆ. ಅತ್ತೆ ಓದಿ, ‘ಇದನ್ನು ಬರೆದವರಿಗೆ ಕನ್ನಡ ಬರುವುದಿಲ್ಲವೇ?’ ಎಂದು ಕೇಳಿದರು. ಆ ದೀಪ ಪ್ಲಗಿನ್ ಮಾಡಿದವರ ಅಂದಾಜೇ ಹೊರತು ಗೂಗಲ್‌ನ ಅಭಿಪ್ರಾಯವಲ್ಲ ಎಂದು ತಿಳಿಯುವ ಹೊತ್ತಿಗೆ ವರ್ಷ ಕಳೆದಿತ್ತು. ಸೈಟ್‌ಮ್ಯಾಪನ್ನು, ಎಂದರೆ ಗೂಗಲ್‌ನಂಥವರಿಗೆ ಕೊಡುವ ತಾಣದ ಪುಟಗಳ ಪಟ್ಟಿಯನ್ನು, ತಾನಾಗಿ ಮಾಡಿಕೊಡುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆಯಾಗಿತ್ತು. 2020ರಿಂದ ವರ್ಡ್‌ಪ್ರೆಸ್ ಆ ಕೆಲಸವನ್ನು ಪ್ಲಗಿನ್ ಇಲ್ಲದೆಯೇ ಮಾಡುತ್ತಿದೆ.

ಆಮೇಲೆ ಬಂದದ್ದು ಸಂಸ್ಥೆ. ಹೆಸರು ಬೇಡ. ‘ತೊಂಬತ್ತು ದಿನಗಳಲ್ಲಿ ಮೊದಲ ಪುಟ’ ಎಂದು ಮಾತು ಕೊಟ್ಟರು. ಒಂದನೇ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ. ಅದನ್ನು ನಾನು ಓದಿದ್ದು ಹಣ ಕೊಟ್ಟ ಮೇಲೆ. ತಿಂಗಳಿಗೊಂದು ನಲವತ್ತು ಪುಟಗಳ ಬಣ್ಣದ ವರದಿ ಬರುತ್ತಿತ್ತು. ಮೂರನೇ ತಿಂಗಳ ವರದಿಯಲ್ಲಿ ‘ಒಂದನೇ ಸ್ಥಾನದಲ್ಲಿರುವ ಪದಗಳು ಹನ್ನೊಂದು’ ಎಂದಿತ್ತು. ಕುಣಿದಾಡುವ ಮೊದಲು ಪಟ್ಟಿ ನೋಡಿದೆ. ಅದರಲ್ಲಿ ಎಂಟು ಪದಗಳಲ್ಲಿ ನಮ್ಮ ಅಂಗಡಿಯ ಹೆಸರೇ ಇತ್ತು. ನಮ್ಮ ಹೆಸರನ್ನು ಹುಡುಕಿದರೆ ನಾವಲ್ಲದೆ ಇನ್ಯಾರು ಸಿಗಬೇಕು?

ಪುಟದ ತಲೆಯಲ್ಲಿ ಕಣ್ಣಿಗೆ ಕಾಣದಂತೆ ನಲವತ್ತು ಕೀವರ್ಡ್‌ಗಳ (ಜನ ಹುಡುಕುವ ಪದಗಳ) ಮೆಟಾ ಟ್ಯಾಗ್ ತುಂಬಿದ್ದರು. ಸ್ಥಾನ ನಿರ್ಧರಿಸಲು ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿತ್ತು. ಜೊತೆಗೆ ಯಾವ್ಯಾವುದೋ ದೇಶದ ಪಟ್ಟಿ ತಾಣಗಳಿಂದ ಇನ್ನೂರು ಬ್ಯಾಕ್‌ಲಿಂಕ್, ಎಂದರೆ ನಮ್ಮ ತಾಣಕ್ಕೆ ಕರೆತರುವ ಕೊಂಡಿಗಳು. ಸ್ಥಾನ ನಿರ್ಧರಿಸುವ ಲೆಕ್ಕಕ್ಕೆ ಗೂಗಲ್ 2012ರಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆ ತಂದಾಗ ಹೊಡೆತ ತಿಂದದ್ದು ಇಂಥ ಕೊಂಡಿಗಳನ್ನು ನಂಬಿದ ತಾಣಗಳೇ.

ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಮುಖಪುಟದ ಉಪ್ಪಿನಕಾಯಿ ಭರಣಿಯ ಫೋಟೊ ನಾಲ್ಕು ಎಂಬಿ ಇತ್ತು, ಅದನ್ನು ಕುಗ್ಗಿಸಿಕೊಟ್ಟರು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಅಳತೆ. ಮೊಬೈಲ್‌ನಲ್ಲಿ ಈಗ ನಮ್ಮದು ಅಷ್ಟರೊಳಗೆ ತೆರೆದುಕೊಳ್ಳುತ್ತದೆ.

ಇಷ್ಟಕ್ಕೇ ಆಗಿದ್ದರೆ ದುಡ್ಡು ಹೋಯಿತು ಎಂದುಕೊಂಡು ಸುಮ್ಮನಾಗುತ್ತಿದ್ದೆ. ನನ್ನನ್ನು ಕೆರಳಿಸಿದ್ದು ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ಉತ್ಸವ.

ನಮ್ಮ ಬಿಸಿನೆಸ್ ಪ್ರೊಫೈಲ್ ಅನ್ನು, ಎಂದರೆ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಸಮಯ, ಫೋನ್, ಫೋಟೊ ತೋರಿಸುವ ಆ ಚೌಕವನ್ನು, ಸಂಸ್ಥೆಯವರು ತಮ್ಮದೇ ಜಿಮೇಲ್ ಖಾತೆಯಿಂದ ಮಾಡಿದ್ದರು. ಮಾಲೀಕರ ಜಾಗದಲ್ಲಿ ಅವರ ಖಾತೆ ಇತ್ತು. ನನ್ನದು ಎಲ್ಲಿಯೂ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಅವರು ಕ್ಯಾಲೆಂಡರ್ ನೋಡಿ, ಕೃಷ್ಣಾಷ್ಟಮಿಯ ಮರುದಿನ ಅಂಗಡಿ ಮಧ್ಯಾಹ್ನವೇ ಮುಚ್ಚುತ್ತದೆ ಎಂದು ವಿಶೇಷ ಸಮಯ ಹಾಕಿದರು. ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಲ್ಲಿ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ ನಡೆಯುತ್ತದೆ. ಆ ವರ್ಷ ಉಳಿದ ಕಡೆ ಆಗಸ್ಟ್ ನಡುವೆ ಮುಗಿದ ಅಷ್ಟಮಿ ನಮ್ಮಲ್ಲಿ ಬಂದದ್ದು ಸೆಪ್ಟೆಂಬರ್ ನಡುವೆ. ಹಾಗಾಗಿ ಆಗಸ್ಟ್‌ನ ಆ ದಿನ ಅಂಗಡಿ ತೆರೆದಿದ್ದರೂ ಮ್ಯಾಪಿನಲ್ಲಿ ಮುಚ್ಚಿತ್ತು.

ತಿಂಗಳ ಕೊನೆಗೆ ಒಪ್ಪಂದ ಮುಗಿಯಿತು, ನಾನು ಮುಂದುವರಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿಜವಾದ ವಿಟ್ಲಪಿಂಡಿ ಬಂತು. ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಹುಲಿವೇಷದ ತಾಸೆಯ ಸದ್ದಿಗೆ ಫೋನ್ ಕೇಳಿಸುವುದಿಲ್ಲ. ನಾವು ಮಧ್ಯಾಹ್ನ ಬಾಗಿಲು ಹಾಕಿ ಮೊಸರುಕುಡಿಕೆ ನೋಡಲು ಹೋದೆವು. ಸಂಜೆ ಮನೆಗೆ ಬಂದು ನೋಡಿದರೆ ಒಂಬತ್ತು ತಪ್ಪಿದ ಕರೆಗಳು. ಶಿವಮೊಗ್ಗದಿಂದ ಬಂದ ಒಂದು ಕುಟುಂಬ ಕಾರನ್ನು ಎಲ್ಲೋ ದೂರದಲ್ಲಿ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಆ ಜನಜಂಗುಳಿಯಲ್ಲಿ ನಮ್ಮ ಬಾಗಿಲವರೆಗೆ ಬಂದಿತ್ತು. ‘ರಾತ್ರಿ ಎಂಟೂವರೆವರೆಗೆ ತೆರೆದಿದೆ ಎಂದು ತೋರಿಸುತ್ತಿದೆಯಲ್ಲ ಅಮ್ಮ’ ಎಂದು ಆ ಮನೆಯ ಯಜಮಾನರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬರೆದ ಒಂದು ನಕ್ಷತ್ರದ ವಿಮರ್ಶೆಗೆ ಕ್ಷಮೆ ಕೇಳಿ ಉತ್ತರ ಬರೆಯೋಣವೆಂದರೆ ಅದಕ್ಕೂ ಮಾಲೀಕರ ಇಲ್ಲವೇ ನಿರ್ವಾಹಕರ ಖಾತೆ ಬೇಕು. ನನ್ನ ಅಂಗಡಿಯ ಮೇಲಿನ ದೂರಿಗೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ.

ಸಂಸ್ಥೆಗೆ ಕರೆ ಮಾಡಿದೆ. ‘ನೋಡುತ್ತೇವೆ ಮೇಡಂ.’ ಮತ್ತೆ ಮಾಡಿದೆ. ‘ಆ ಹುಡುಗ ಕೆಲಸ ಬಿಟ್ಟಿದ್ದಾನೆ ಮೇಡಂ.’ ಕೊನೆಗೆ ಗೂಗಲ್‌ನಲ್ಲೇ ಮಾಲೀಕತ್ವ ಕೋರುವ ಅರ್ಜಿ ಹಾಕಿದೆ. ಈಗಿರುವ ಮಾಲೀಕರಿಗೆ ಉತ್ತರಿಸಲು ಮೂರು ದಿನ ಸಮಯವಿರುತ್ತದೆ. ಅವರು ಉತ್ತರಿಸಲಿಲ್ಲ, ಮುಂದಿನ ದಾರಿ ತೆರೆಯಿತು. ಅಂಗಡಿ ನಮ್ಮದೇ ಎಂದು ತೋರಿಸಲು ಬೀದಿ, ಫಲಕ, ಒಳಗಿನ ಸರಕು ಎಲ್ಲ ಒಂದೇ ಓಟದಲ್ಲಿ ಕಾಣುವಂತೆ, ಕತ್ತರಿ ಹಾಕದ ವೀಡಿಯೊ ಕಳಿಸಬೇಕು. ಮೊದಲ ವೀಡಿಯೊ ತಿರಸ್ಕಾರವಾಯಿತು. ತಪ್ಪು ನನ್ನದೇ. ಮಳೆಗೆಂದು ಕಟ್ಟಿದ ಟಾರ್ಪಾಲು ಫಲಕದ ಅರ್ಧ ಹೆಸರನ್ನು ನುಂಗಿತ್ತು. ಟಾರ್ಪಾಲು ಬಿಚ್ಚಿ, ಮೈದುನನನ್ನು ಕೊಡೆ ಹಿಡಿದು ನಿಲ್ಲಿಸಿ, ಬೀಗ ತೆಗೆಯುವುದರಿಂದ ಹಿಡಿದು ಭರಣಿಯ ಮುಚ್ಚಳ ತೆರೆಯುವವರೆಗೆ ಮತ್ತೆ ಚಿತ್ರೀಕರಿಸಿದೆ. ಅದು ಒಪ್ಪಿಗೆಯಾಯಿತು. ಅಷ್ಟಕ್ಕೆ ಹದಿನೆಂಟು ದಿನ ಹಿಡಿದಿತ್ತು.

ಹಾಗಾಗಿ ಯಾರಿಗೆ ಬೇಕಾದರೂ ಕೆಲಸ ಕೊಡಿ, ಆದರೆ ಡೊಮೈನ್ (ತಾಣದ ವಿಳಾಸ), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರೂ ನಿಮ್ಮ ಖಾತೆಯಲ್ಲೇ ಇರಲಿ. ಅವರನ್ನು ನಿರ್ವಾಹಕರಾಗಿ ಸೇರಿಸಿದರೆ ಸಾಕು, ಕೆಲಸ ಮುಗಿದ ದಿನ ತೆಗೆದುಹಾಕಬಹುದು.

ಗೂಗಲ್‌ನಲ್ಲಿ ಜಾಹೀರಾತನ್ನೂ ಕೊಟ್ಟು ನೋಡಿದೆ. ದೀಪಾವಳಿಯ ಮುಂಚೆ ದಿನಕ್ಕೆ 300 ರೂಪಾಯಿಯಂತೆ ಇಪ್ಪತ್ತು ದಿನ. ಪದಗಳನ್ನು ನಾನು ಸಡಿಲವಾಗಿ ಬಿಟ್ಟಿದ್ದರಿಂದ ಹಪ್ಪಳ ಮಾಡುವ ಯಂತ್ರ ಹುಡುಕುವವರೆಲ್ಲ ಕ್ಲಿಕ್ ಮಾಡಿ ಹೋದರು. ‘ಯಂತ್ರ’ವನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿದ ಮೇಲೆ ಒಂದಿಷ್ಟು ಆರ್ಡರ್ ಬಂದವು, ಹಾಕಿದ ದುಡ್ಡು ಹೆಚ್ಚು ಕಡಿಮೆ ಹುಟ್ಟಿತು. ಹಣ ನಿಂತ ದಿನ ಆರ್ಡರೂ ನಿಂತವು. ಜಾಹೀರಾತು ಕೊಟ್ಟರೆ ಉಚಿತ ಫಲಿತಾಂಶದಲ್ಲೂ ಮೇಲೇರಬಹುದು ಎಂದು ಕೆಲವರು ಹೇಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಹಬ್ಬದ ವಾರಕ್ಕೆ ಮತ್ತೆ ಹಾಕುತ್ತೇನೆ, ವರ್ಷವಿಡೀ ಅಲ್ಲ.

ಇನ್ನು ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಯಾರು ಯಾವ ಪದ ಬರೆದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟನೇ ಸ್ಥಾನದಲ್ಲಿತ್ತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ಸರ್ಚ್ ಕನ್ಸೋಲ್ ಹದಿನಾರು ತಿಂಗಳವರೆಗೆ ಇಟ್ಟುಕೊಂಡಿರುತ್ತದೆ. ಮೈದುನ ತಾಣ ಕಟ್ಟಿದಾಗಲೇ ಜೋಡಿಸಿದ್ದ. ನಾನು ಎರಡು ವರ್ಷ ಅದನ್ನು ತೆರೆದಿರಲಿಲ್ಲ.

ಶರಬತ್ತಿನ ಪುಟಕ್ಕೆ ಸಂಸ್ಥೆಯವರು ‘ಭಾರತದ ಅತ್ಯುತ್ತಮ ಕೋಕಂ ಸಿರಪ್’ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆ ಕೊಟ್ಟಿದ್ದರು. ಕೋಕಂ ಎಂದು ಹುಡುಕುವವರು ಹೆಚ್ಚು ಎಂಬುದು ಅವರ ವಾದ, ಅದೇನೋ ನಿಜ. ಆದರೆ ಆ ಸಾಲಿನಲ್ಲಿ ಗೋವಾ, ರತ್ನಾಗಿರಿಯ ದೊಡ್ಡ ವ್ಯಾಪಾರಿಗಳಿದ್ದಾರೆ. ಕನ್ಸೋಲ್‌ನಲ್ಲಿ ನೋಡಿದರೆ ಕೋಕಂ ಪದಕ್ಕೆ ನಮ್ಮ ಸರಾಸರಿ ಸ್ಥಾನ ಅರವತ್ತರ ಆಚೆ. ಅದೇ ಪಟ್ಟಿಯ ಕೆಳಗಡೆ ಇಂಗ್ಲಿಷ್ ಅಕ್ಷರದಲ್ಲಿ ಪುನರ್ಪುಳಿ ಜ್ಯೂಸ್, ಕನ್ನಡ ಲಿಪಿಯಲ್ಲಿ ‘ಪುನರ್ಪುಳಿ ಸಾರು ಮಾಡುವ ವಿಧಾನ’, ಘಟ್ಟದ ಮೇಲಿನವರ ‘ಮುರುಗಲು’ ಎಲ್ಲ ಇದ್ದವು. ಸಂಖ್ಯೆ ಸಣ್ಣದು, ಆದರೆ ಅದನ್ನು ಬರೆದು ಹುಡುಕುವವರು ನಮ್ಮ ಗಿರಾಕಿಗಳೇ. ಶೀರ್ಷಿಕೆ ಬದಲಿಸಿದೆ. ಸಿಪ್ಪೆಯನ್ನು ಎಷ್ಟು ಹೊತ್ತು ನೆನೆಸಬೇಕು, ಸಾರಿಗೆ ಬೆಲ್ಲ ಎಷ್ಟು ಎಂದು ಅತ್ತೆ ಹೇಳಿದಂತೆ ಬರೆದೆ, ವಿಭಕ್ತಿ ಪ್ರತ್ಯಯ ಸಮೇತ. ಹೊಸ ವಿಳಾಸ ಮಾಡದೆ ಹಳೆಯ ಪುಟದಲ್ಲೇ ಬದಲಿಸಿ, ಪುಟವನ್ನು ಮತ್ತೆ ಓದುವಂತೆ ಗೂಗಲ್‌ಗೆ ವಿನಂತಿ ಕಳಿಸಿದೆ. ವಾರಗಟ್ಟಲೆ ಏನೂ ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ಪುನರ್ಪುಳಿಯ ಪದಗಳಿಗೆ ನಾವು ಆರೇಳನೇ ಸ್ಥಾನದಲ್ಲಿದ್ದೆವು. ಈಗೀಗ ಸಾರಿನ ವಿಧಾನವನ್ನು ಗೂಗಲ್ ತನ್ನ ಎಐ ಸಾರಾಂಶದಲ್ಲೇ ಹೇಳಿಬಿಡುವುದರಿಂದ ಒತ್ತುವವರು ಸ್ವಲ್ಪ ಕಡಿಮೆಯಾಗಿದ್ದಾರೆ. ಸಾರಾಂಶದಲ್ಲಿ ಸಿಪ್ಪೆ ಸಿಗುವುದಿಲ್ಲವಲ್ಲ, ಆ ಧೈರ್ಯ ನನಗೆ.

ಇನ್ನೊಂದು ಹಳೆಯ ಪಾಪವೂ ಆಗ ಬಯಲಾಯಿತು. ನಮ್ಮ ಕೆಲವು ಪುಟಗಳ ಬರಹವನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಬಿಟ್ಟು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಿದ್ದೆವು. ತಾಣಕ್ಕೆ ಹಾಕಿದಾಗ ಅರ್ಥವಿಲ್ಲದ ಚಿಹ್ನೆಗಳಾದ್ದರಿಂದ ಯಾರೋ ಅದನ್ನು ಚಿತ್ರವಾಗಿಸಿ ಅಂಟಿಸಿದ್ದರು. ಓದುವವರಿಗೆ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಹುಡುಕುವವರಿಗೆ ಸಿಗುತ್ತಿರಲಿಲ್ಲ. ಎಲ್ಲವನ್ನೂ ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ, ನಾಲ್ಕು ಭಾನುವಾರ ಹೋದವು. ಕನ್ನಡ ತಾಣ ಇರುವವರು ತಮ್ಮ ಪುಟದ ಒಂದು ಸಾಲನ್ನು ಮೌಸಿನಿಂದ ಆಯ್ಕೆ ಮಾಡಿ ನೋಡಿ. ಆಯ್ಕೆಯಾಗದಿದ್ದರೆ ಅದು ಬಹುಶಃ ಚಿತ್ರ.

ಮಂಗಳೂರಿಗೆ ಸರಕು ಕಳಿಸುವ ಬಗೆಗಿನ ಪುಟದಲ್ಲಿ ಆ ಊರಿನ ಇಂಗ್ಲಿಷ್‌ನ ಹಳೆಯ ಹೆಸರು ಮ್ಯಾಂಗಲೋರ್, 2014ರ ನಂತರದ ಹೆಸರು ಮಂಗಳೂರು, ಎರಡನ್ನೂ ಒಂದೊಂದು ಸಲ ಬಳಸಿದ್ದೇನೆ, ಹುಡುಕುವವರಿಗೆ ಅಷ್ಟು ಸಾಕು.

ನಿಮ್ಮಲ್ಲಿ ನೂರಾರು ಸರಕುಗಳಿದ್ದು, ಭಾನುವಾರ ಅಂಗಡಿಯಲ್ಲೇ ಕಳೆಯುತ್ತದೆ ಎಂದಾದರೆ ಸಂಸ್ಥೆಯನ್ನು ಹಿಡಿಯುವುದು ತಪ್ಪಲ್ಲ. ಖಾತರಿ ಕೊಡುವವರನ್ನು ಮಾತ್ರ ಬಾಗಿಲಲ್ಲೇ ಕಳಿಸಿಬಿಡಿ. ನನಗೆ ಹಿಸಾಬು ಬರೆಯುವ ಅಭ್ಯಾಸ ಮೊದಲಿನಿಂದಲೂ ಇದೆ, ಕನ್ಸೋಲ್‌ನ ಪಟ್ಟಿಯೂ ಹಿಸಾಬಿನ ಪುಸ್ತಕದಂತೆಯೇ ಕಾಣುತ್ತದೆ. ತಿಂಗಳ 12,000 ಉಳಿದದ್ದರಲ್ಲಿ ಹಪ್ಪಳ ಲಟ್ಟಿಸಲು ಇನ್ನೊಬ್ಬರನ್ನು ಇಟ್ಟುಕೊಂಡೆವು.

ಈ ವಾರದ ಕೆಲಸ ಹಲಸಿನ ಹಪ್ಪಳದ ಪುಟ. ‘ಹಲಸಿನ ಹಪ್ಪಳ’ ಎಂದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಮುಂಬಯಿಯಲ್ಲಿರುವ ನಮ್ಮವರು ತುಳುವಿನಲ್ಲೇ ಕೇಳುವುದು, ಪೆಲಕಾಯಿ ಎಂದೂ ಬರೆ ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ. ಎರಡನ್ನೂ ಹಾಕಿದ್ದೇನೆ. ಮೂರು ತಿಂಗಳು ಬಿಟ್ಟು ಇಬ್ಬರೂ ಒಟ್ಟಿಗೆ ಕೂತು ಪಟ್ಟಿ ನೋಡುವುದೆಂದು ಮಾತಾಗಿದೆ.