ತುಂಬಿಟ್ಟ ಸಿರಿಂಜು ಟ್ರೇಯಲ್ಲಿ ಬಂದರೆ ಎದ್ದು ಬನ್ನಿ

ಹಣೆ ಗೆರೆಗೆ, ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಳ್ಳೋರು ಇದನ್ನ ಓದಿ ಆಮೇಲೆ ಹೋಗಿ. ಔಷಧದ ವಯಲ್, ಅಂದರೆ ಪುಟ್ಟ ಬಾಟಲಿ, ನಿಮ್ಮ ಕಣ್ಣೆದುರು ತೆಗೀಬೇಕು, ಕಣ್ಣೆದುರೇ ಕಲಸಬೇಕು. ಮೊದಲೇ ತುಂಬಿಟ್ಟ ಸಿರಿಂಜು ಟ್ರೇಯಲ್ಲಿ ಇಟ್ಟುಕೊಂಡು ನಗುನಗುತ್ತಾ ಬಂದರೆ ಕುರ್ಚಿಯಿಂದ ಎದ್ದುಬಿಡಿ. ಮುಜುಗರ ಆಗುತ್ತೆ. ಆಗಲಿ. ಒಂದು ಕಣ್ಣು ಅರ್ಧ ಮುಚ್ಚಿಕೊಂಡು ವಾರಗಟ್ಟಲೆ ಓಡಾಡೋ ಮುಜುಗರಕ್ಕಿಂತ ಅದು ವಾಸಿ.

ನಮ್ಮಕ್ಕ ಏಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಎಬ್ಬಿಸಲಿಲ್ಲ. ಈ ವಯಲ್‌ಗಳನ್ನ ಕೈಯಾರೆ ಕಲಸಿ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಕ್ಕೆ ಈಗ ಮೈಯೆಲ್ಲಾ ಉರಿಯುತ್ತೆ. ನನ್ನ ವಿಷಯ ಅಷ್ಟೇ ಸಾಕು. ಟ್ರೇ ವಿಷಯಕ್ಕೆ ಬರೋಣ.

ಟ್ರೇಯಲ್ಲಿ ಇದ್ದದ್ದು ಒಂದು ಎಂಎಲ್‌ನ ಇನ್ಸುಲಿನ್ ಸಿರಿಂಜು, ಭರ್ತಿ ತುಂಬಿದ್ದು. ಹುಬ್ಬಿನ ನಡುವೆ ಐದು ಕಡೆ ಚುಚ್ಚಿದರು, ಒಂದೊಂದು ಕಡೆ 0.2 ಎಂಎಲ್. ಸಿರಿಂಜು ಖಾಲಿ. ಎಷ್ಟು ಯೂನಿಟ್ ಹೋಯ್ತು ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಪೂರ್ತಿ ಒಂದು ಎಂಎಲ್ ಕೊಟ್ಟಿದ್ದೀವಿ ಮೇಡಂ, ಬೇರೆ ಕಡೆ ಅರ್ಧ ಎಂಎಲ್ ಕೊಟ್ಟು ಕಳಿಸ್ತಾರೆ."

ಉಪಕಾರ ಮಾಡಿದ ಹಾಗೆ! ಮೋಸ ಇದ್ದದ್ದು ಆ ಒಂದು ಮಾತಿನಲ್ಲೇ. ಯಾಕೆ ಅಂದರೆ ಈ ಔಷಧಕ್ಕೆ ಎಂಎಲ್ ಅನ್ನೋದು ಅಳತೆಯೇ ಅಲ್ಲ, ಔಷಧದ ಬಲ ಹೇಳೋ ಯೂನಿಟ್ಟೇ ಅಳತೆ. ಬೊಟಾಕ್ಸ್ ವಯಲ್‌ನಲ್ಲಿ ಬರೋದು ದ್ರವ ಅಲ್ಲ, ತಳಕ್ಕೆ ಅಂಟಿಕೊಂಡಿರೋ, ಕಂಡೂ ಕಾಣದಷ್ಟು ಪುಡಿ. ವಯಲ್‌ಗೆ 50 ಯೂನಿಟ್ ಅಥವಾ 100 ಯೂನಿಟ್. ಅದಕ್ಕೆ 0.9% ಸಲೈನ್, ಪ್ರಿಸರ್ವೇಟಿವ್ ಇಲ್ಲದ್ದು, ಸೇರಿಸಿ ಕರಗಿಸಬೇಕು. ಕಂಪನಿ ಲೇಬಲ್ ಹೇಳೋ ಲೆಕ್ಕ 100 ಯೂನಿಟ್‌ಗೆ 2.5 ಎಂಎಲ್. ಆಗ 0.1 ಎಂಎಲ್‌ನಲ್ಲಿ 4 ಯೂನಿಟ್ ಇರುತ್ತೆ. ಹುಬ್ಬಿನ ನಡುವಿನ ಗೆರೆಗೆ ಲೇಬಲ್ ಪ್ರಕಾರ ಒಟ್ಟು 20 ಯೂನಿಟ್, ಐದು ಕಡೆ, ಕಡೆಗೆ ನಾಲ್ಕರಂತೆ. ಕೂಡಿ ನೋಡಿ: ಬರೀ ಅರ್ಧ ಎಂಎಲ್. ಅಂದರೆ "ಬೇರೆ ಕಡೆ ಅರ್ಧ ಎಂಎಲ್ ಕೊಡ್ತಾರೆ" ಅಂತ ಅವರು ಹೀಯಾಳಿಸಿದ್ದೇ ಸರಿಯಾದ ಪ್ರಮಾಣ.

ಅದೇ 100 ಯೂನಿಟ್ ವಯಲ್‌ಗೆ 10 ಎಂಎಲ್ ಸಲೈನ್ ಸುರಿದರೆ ಒಂದು ಎಂಎಲ್‌ನಲ್ಲಿ ಇರೋದು 10 ಯೂನಿಟ್. ಸಿರಿಂಜು ತುಂಬಿ ತುಳುಕುತ್ತೆ, ಔಷಧ ಅರ್ಧ. ಹಾಲಿಗೆ ನೀರು ಬೆರೆಸಿದರೆ ಬಣ್ಣದಲ್ಲಾದರೂ ಗೊತ್ತಾಗುತ್ತೆ. ಇದು ಬಣ್ಣ ಇಲ್ಲದ ತಿಳಿನೀರು, ನಿಮಗಿರಲಿ, ನನಗೂ ನೋಡಿ ಹೇಳೋಕೆ ಆಗಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳ್ತಿರೋದು, ಕಲಸೋದನ್ನ ನೋಡಬೇಕು. ಬೇರೆ ಬೇರೆ ಪ್ರಮಾಣದಲ್ಲಿ ಕಲಸೋ ಒಳ್ಳೆ ಡಾಕ್ಟರುಗಳೂ ಇದ್ದಾರೆ, ಅದು ತಪ್ಪಲ್ಲ. ಆದರೆ ಅವರನ್ನ ಕೇಳಿದರೆ ಎಷ್ಟು ಎಂಎಲ್ ಹಾಕಿದೆ, ಎಷ್ಟು ಯೂನಿಟ್ ಕೊಟ್ಟೆ ಅಂತ ತಕ್ಷಣ ಹೇಳ್ತಾರೆ, ಕಾರ್ಡಿನಲ್ಲಿ ಬರೆದೂ ಕೊಡ್ತಾರೆ.

ನೀರು ಜಾಸ್ತಿ ಆದರೆ ಏನು, ಪರಿಣಾಮ ಕಮ್ಮಿ ಆಗುತ್ತೆ ಅಷ್ಟೇ ತಾನೇ ಅನ್ನಬೇಡಿ. ಅಷ್ಟೇ ಅಲ್ಲ. ದ್ರವ ಹೆಚ್ಚಾದಷ್ಟೂ ಚುಚ್ಚಿದ ಜಾಗದಿಂದ ದೂರಕ್ಕೆ ಹರಡುತ್ತೆ. ಹುಬ್ಬು ಗಂಟಿಕ್ಕೋ ಸ್ನಾಯುಗಳು ಮೂಗಿನ ಬುಡದಲ್ಲಿ ಒಂದು, ಎರಡು ಹುಬ್ಬಿನ ಕೆಳಗೆ ಒಂದೊಂದು. ಅದರ ಸ್ವಲ್ಪ ಕೆಳಗೇ ಕಣ್ಣಿನ ಗುಳಿಯೊಳಗೆ ಮೇಲಿನ ರೆಪ್ಪೆ ಎತ್ತೋ ಸಣ್ಣ ಸ್ನಾಯು ಇದೆ. ಅದಕ್ಕೆ ಒಂದು ಹನಿ ತಗುಲಿದರೂ ಸಾಕು, ರೆಪ್ಪೆ ಇಳಿಯುತ್ತೆ. ಅದಕ್ಕೇ ಹುಬ್ಬಿನ ಹೊರಪಕ್ಕದ ಚುಚ್ಚು ಕಣ್ಣಿನ ಮೇಲಿನ ಮೂಳೆಯ ಅಂಚಿಗಿಂತ ಕನಿಷ್ಠ 1 ಸೆಂಟಿಮೀಟರ್ ಮೇಲಿರಬೇಕು ಅನ್ನೋ ನಿಯಮ. ಗೊತ್ತಿರೋರು ಬೆರಳಿನಿಂದ ಆ ಅಂಚನ್ನ ಒತ್ತಿ ಹಿಡಿದು ಚುಚ್ತಾರೆ. ಇಲ್ಲಿ ಬೆರಳೂ ಇಲ್ಲ, ಅಳತೆಯೂ ಇಲ್ಲ. ಫಲ ಏನು? ಗಂಟಿಕ್ಕೋ ಗೆರೆ ಹಾಗೇ ಇದೆ, ಎಡರೆಪ್ಪೆ ಮಾತ್ರ ಅರ್ಧ ಕೆಳಗೆ. ಬೇಕಾದ ಕಡೆ ಸಾಲದು, ಬೇಡದ ಕಡೆ ಹೋಗಿ ಕೂತಿದೆ.

ಈಗ ಕ್ಲಿನಿಕ್‌ನವರ ಉತ್ತರಗಳು. ಒಂದೊಂದೂ ಮುತ್ತು.

ನಾಲ್ಕನೇ ದಿನ ರೆಪ್ಪೆ ಭಾರ ಅಂದಾಗ: "ಅದು ಊತ ಮೇಡಂ, ಐಸ್ ಇಡಿ." ಸೂಜಿಯ ಊತ, ಕೆಂಪು ಹೆಚ್ಚು ದಿನ ಇರಲ್ಲ. ನಾಲ್ಕನೇ ದಿನ ಶುರುವಾಗೋ ಭಾರ ಊತ ಅಲ್ಲ, ಔಷಧ ಕೆಲಸ ಶುರು ಮಾಡಿದೆ ಅಂತ ಅರ್ಥ. ಬೊಟಾಕ್ಸ್‌ನಲ್ಲಿರೋ ಟಾಕ್ಸಿನ್, ಅಂದರೆ ವಿಷ, ನರದ ತುದಿಯೊಳಗೆ ಹೋಗಿ ಸ್ನ್ಯಾಪ್-25 ಅನ್ನೋ ಪ್ರೋಟೀನನ್ನ ಕತ್ತರಿಸುತ್ತೆ. ಆ ಪ್ರೋಟೀನ್ ಇಲ್ಲದೆ ನರ ಅಸಿಟೈಲ್‌ಕೋಲಿನ್ ಬಿಡುಗಡೆ ಮಾಡೋಕೆ ಆಗಲ್ಲ, ಸ್ನಾಯುವಿಗೆ ಕುಗ್ಗು ಅನ್ನೋ ಸಂದೇಶ ತಲುಪಲ್ಲ. ಇದೆಲ್ಲ ಆಗೋಕೆ ಎರಡು ಮೂರು ದಿನ ಬೇಕು, ಪೂರ್ತಿ ಫಲ ಕಾಣೋಕೆ ಎರಡು ವಾರ. ಐಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಆರನೇ ದಿನ ಫೋಟೋ ಕಳಿಸಿದಾಗ: "ನೀವು ಆವತ್ತು ಮಲಗಿಬಿಟ್ಟಿರಬೇಕು, ಮುಖ ಉಜ್ಜಿರಬೇಕು." ತಪ್ಪು ನಮ್ಮ ತಲೆಗೆ ಕಟ್ಟೋಕೆ ಇದು ಹಳೇ ಉಪಾಯ. ಮೊದಲ ಕೆಲವು ಗಂಟೆ ಉಜ್ಜಬಾರದು ನಿಜ. ಅಕ್ಕ ಉಜ್ಜಿಲ್ಲ. ಎಲ್ಲಿ ಚುಚ್ಚಿದರು, ಎಷ್ಟು ಸುರಿದರು ಅನ್ನೋದನ್ನ ಬಿಟ್ಟು ದಿಂಬಿನ ಮೇಲೆ ಗೂಬೆ ಕೂರಿಸಿದರು. ಅದರ ಹಿಂದೆಯೇ "ಈಗ ಚೆನ್ನಾಗಿ ಮಸಾಜ್ ಮಾಡಿ, ಇಳಿಯುತ್ತೆ" ಅಂತ ಇನ್ನೊಂದು ಮೆಸೇಜು. ಒಂದು ಸಾಲಿನಲ್ಲಿ ಉಜ್ಜಿದ್ದೇ ತಪ್ಪು, ಮುಂದಿನ ಸಾಲಿನಲ್ಲಿ ಉಜ್ಜಿ! ಆರು ದಿನದ ಮೇಲೆ ಟಾಕ್ಸಿನ್ ಚರ್ಮದಡಿ ಉಂಡೆಯಾಗಿ ಕೂತಿರಲ್ಲ, ನರದೊಳಗೆ ಸೇರಿ ಆಗಿದೆ. ಉಜ್ಜಿ ತೆಗೆಯೋಕೆ ಏನೂ ಉಳಿದಿಲ್ಲ.

ಏಳನೇ ದಿನ: "ಬನ್ನಿ, ಉಚಿತವಾಗಿ ಟಚ್ ಅಪ್ ಮಾಡ್ತೀವಿ, ಬೇಕಾದರೆ ಕರಗಿಸೋ ಇಂಜೆಕ್ಷನ್ ಕೊಡ್ತೀವಿ." ಇದನ್ನ ಗಮನ ಇಟ್ಟು ಓದಿ, ತುಂಬಾ ಜನ ಇಲ್ಲೇ ಎರಡನೇ ಸಲ ಬೀಳೋದು. ಕರಗಿಸೋ ಇಂಜೆಕ್ಷನ್ ಅಂದರೆ ಹಯಲುರೊನಿಡೇಸ್. ಅದು ತುಟಿಗೆ, ಕೆನ್ನೆಗೆ ತುಂಬೋ ಹಯಲುರಾನಿಕ್ ಆಸಿಡ್ ಫಿಲ್ಲರನ್ನ ಕರಗಿಸುತ್ತೆ. ಈ ಟಾಕ್ಸಿನ್ನನ್ನ ಕರಗಿಸಲ್ಲ. ಒಮ್ಮೆ ನರ ಹಿಡಿದ ಟಾಕ್ಸಿನ್ ಬಿಡಿಸೋ ಔಷಧ ಇಲ್ಲ, ಇಲ್ಲ, ಇಲ್ಲ. ಇದೇ ವಿಷ ಮೈಗೇರಿ ಬರೋ ಬೊಟುಲಿಸಂ ಕಾಯಿಲೆಗೆ ಆಸ್ಪತ್ರೆಯಲ್ಲಿ ಕೊಡೋ ಆಂಟಿಟಾಕ್ಸಿನ್ ಕೂಡ ರಕ್ತದಲ್ಲಿ ಓಡಾಡ್ತಿರೋದನ್ನ ಹಿಡಿಯುತ್ತೆ, ಆಗಲೇ ಸೋತ ಸ್ನಾಯುವನ್ನ ಎಬ್ಬಿಸಲ್ಲ. ನರ ತಾನಾಗಿ ಚೇತರಿಸಿಕೊಳ್ಳಬೇಕು. ಸುಕ್ಕಿನ ಮೇಲಿನ ಪರಿಣಾಮ ಮೂರು ನಾಲ್ಕು ತಿಂಗಳಿಗೆ ಹೋಗೋದೂ ಅದೇ ಕಾರಣಕ್ಕೆ. ಇಳಿದ ರೆಪ್ಪೆ ಸಾಮಾನ್ಯವಾಗಿ ಅದಕ್ಕಿಂತ ಬೇಗ, ಕೆಲವು ವಾರಗಳಲ್ಲಿ ಏಳುತ್ತೆ. ಇನ್ನು ಟಚ್ ಅಪ್? ಎರಡು ವಾರ ಆಗೋ ಮುಂಚೆ ಏನು ಬಂತು ಏನು ಬರಲಿಲ್ಲ ಅಂತಲೇ ಹೇಳೋಕೆ ಆಗಲ್ಲ. ಏಳನೇ ದಿನ ಅದೇ ಕೈ, ಅದೇ ಸಿರಿಂಜು, ಇನ್ನೊಂದು ಎಂಎಲ್ ನೀರು!

ರೆಪ್ಪೆಗೆ ನಿಜವಾಗಿ ಸ್ವಲ್ಪ ಸಹಾಯ ಮಾಡೋದು 0.5% ಅಪ್ರಾಕ್ಲೋನಿಡಿನ್ ಕಣ್ಣಿನ ಹನಿ. ರೆಪ್ಪೆಯಲ್ಲಿ ಮ್ಯುಲ್ಲರ್ ಸ್ನಾಯು ಅಂತ ಇನ್ನೊಂದು ಚಿಕ್ಕದಿದೆ, ಅದನ್ನ ಕೆಣಕಿ ಒಂದೆರಡು ಮಿಲಿಮೀಟರ್ ಎತ್ತುತ್ತೆ, ಕೆಲವು ಗಂಟೆ ಮಾತ್ರ. ಕಣ್ಣಿನ ಡಾಕ್ಟರ್ ನೋಡಿ ಬರೆದುಕೊಡಬೇಕು, ನೀವಾಗಿ ಹಾಕಬೇಡಿ. ಕ್ಲಿನಿಕ್‌ನವರು ಇದರ ಹೆಸರೇ ಎತ್ತಲಿಲ್ಲ.

ಮತ್ತೆ ಯೂನಿಟ್ ಲೆಕ್ಕ ಕೇಳಿದೆವು. ಆಗ ಬಂದದ್ದು ಒಂದು ಫೋಟೋ, ಖಾಲಿ ಸಿರಿಂಜಿನದು. ಅದರ ಮೇಲಿನ 100 ಅನ್ನೋ ಅಂಕಿಗೆ ಕೆಂಪು ವೃತ್ತ. "ನೋಡಿ ಮೇಡಂ, ನೂರು ಯೂನಿಟ್ ಕೊಟ್ಟಿದ್ದೀವಿ." ಅಕ್ಕ ನಂಬಿಬಿಟ್ಟಳು, ಪಾಪ, ಯಾರಾದರೂ ನಂಬ್ತಾರೆ. ಆ ಗೆರೆಗಳು ಇನ್ಸುಲಿನ್ ಯೂನಿಟ್ ರೀ! ಒಂದು ಎಂಎಲ್‌ಗೆ 100 ಯೂನಿಟ್ ಇನ್ಸುಲಿನ್ ಇರುತ್ತಲ್ಲ, ಆ ಲೆಕ್ಕದ ಗೆರೆ. ಅದರಲ್ಲಿ 10 ಅಂತ ಇರೋ ಗೆರೆ ಅಂದರೆ 0.1 ಎಂಎಲ್. ಸರಿಯಾಗಿ ಕಲಸಿದ್ದರೆ ಅಲ್ಲಿ ಬೊಟಾಕ್ಸ್ 4 ಯೂನಿಟ್. ಹುಬ್ಬಿನ ನಡುವೆ ನಿಜವಾಗಲೂ ನೂರು ಯೂನಿಟ್ ಕೊಟ್ಟಿದ್ದರೆ ಅದು ಐದು ಪಟ್ಟು, ಅದನ್ನ ಹೆಮ್ಮೆಯಿಂದ ಹೇಳ್ತಾರಾ? ಗೊತ್ತಿಲ್ಲದೆ ಹೇಳಿದರೋ, ಗೊತ್ತಿದ್ದೇ ಹೇಳಿದರೋ. ಗೊತ್ತಿಲ್ಲದಿದ್ದರೆ ಇನ್ನೂ ಭಯ.

ಬ್ರ್ಯಾಂಡ್ ವಿಷಯದಲ್ಲೂ ಇದೇ ಆಟ ಇದೆ. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ. ಬೊಟಾಕ್ಸ್‌ನಲ್ಲಿ 20 ಯೂನಿಟ್ ಕೊಡೋ ಅದೇ ಜಾಗಕ್ಕೆ ಡಿಸ್ಪೋರ್ಟ್ ಅನ್ನೋ ಇನ್ನೊಂದು ಬ್ರ್ಯಾಂಡ್‌ನ ಲೇಬಲ್ ಪ್ರಮಾಣ 50. ಹೆಸರು ಹೇಳದೆ ಬರೀ "50 ಯೂನಿಟ್ ಕೊಟ್ವಿ" ಅಂದರೆ ಧಾರಾಳ ಅನ್ನಿಸುತ್ತೆ. ಡಿಸ್ಪೋರ್ಟ್ ಆದರೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರೋರಿಗೆ ಕೊಡಬಾರದು. ಇಲ್ಲಿ ಅಲರ್ಜಿ ಇದೆಯಾ ಅಂತಲೂ ಕೇಳಲಿಲ್ಲ. ಮಯಸ್ತೇನಿಯಾ ಥರದ ನರ-ಸ್ನಾಯು ಕಾಯಿಲೆ ಇದೆಯಾ, ಬಸುರಿಯಾ, ಮೊಲೆ ಹಾಲು ಕುಡಿಸ್ತಿದ್ದೀರಾ, ಜೆಂಟಾಮೈಸಿನ್ ಥರದ ಆಂಟಿಬಯೋಟಿಕ್ ನಡೀತಿದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ಒಂದೂ ಕೇಳಲಿಲ್ಲ. ಸಹಿ ಮಾತ್ರ ಹಾಕಿಸಿಕೊಂಡರು.

ನಕಲಿ ಮಾಲು ಅನ್ನೋದು ಬರೀ ಹೆದರಿಕೆಯ ಮಾತಲ್ಲ. 2024ರಲ್ಲಿ ಅಮೆರಿಕದಲ್ಲಿ ನಕಲಿ ಬೊಟಾಕ್ಸ್ ಸಿಕ್ಕಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು, ಹಾಕಿಸಿಕೊಂಡವರಲ್ಲಿ ಕೆಲವರು ಆಸ್ಪತ್ರೆ ಸೇರಿದರು. ಆ ನಕಲಿ ಡಬ್ಬಿಯ ಮೇಲೆ 150 ಯೂನಿಟ್ ಅಂತ ಇತ್ತು, ಅಸಲಿ ಕಂಪನಿ ಆ ಅಳತೆಯನ್ನ ತಯಾರಿಸೋದೇ ಇಲ್ಲ. 2004ರಲ್ಲಿ ಫ್ಲಾರಿಡಾದಲ್ಲಿ ಪ್ರಯೋಗಾಲಯಕ್ಕೆಂದು ಮಾರೋ ಟಾಕ್ಸಿನ್ ಮುಖಕ್ಕೆ ಚುಚ್ಚಿಸಿಕೊಂಡು ನಾಲ್ಕು ಜನ ವೆಂಟಿಲೇಟರ್ ಮೇಲೆ ಮಲಗಿದ್ದರು. ಸರಿಯಾದ ಮಾಲು, ಸರಿಯಾದ ಕೈ ಇದ್ದರೆ ಇದು ಸುರಕ್ಷಿತವೇ, ಅಮೆರಿಕದಲ್ಲಿ 2002ರಿಂದ ಹುಬ್ಬಿನ ಗೆರೆಗೆ ಅನುಮತಿ ಇರೋ ಔಷಧ. ಅದಕ್ಕೇ ನನಗೆ ಇನ್ನೂ ಸಿಟ್ಟು: ಇಷ್ಟು ನೆಟ್ಟಗೆ ಮಾಡಬಹುದಾದ ಕೆಲಸವನ್ನ ಹೀಗೆ ಹಾಳು ಮಾಡ್ತಾರಲ್ಲ.

ಇದೊಂದು ಮಾತ್ರ ತಮಾಷೆ ಅಲ್ಲ. ರೆಪ್ಪೆ ಒಂದೇ ಇಳಿದಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ನುಂಗೋಕೆ ಕಷ್ಟ, ಮಾತು ತೊದಲೋದು, ಎರಡೆರಡು ಕಾಣೋದು, ಉಸಿರಾಟಕ್ಕೆ ತೊಂದರೆ, ಕತ್ತು ನಿಲ್ಲದಿರೋದು, ಇವುಗಳಲ್ಲಿ ಯಾವುದು ಕಂಡರೂ, ಗಂಟೆಯೊಳಗೆ ಆಗಲಿ ಕೆಲವು ವಾರದ ಮೇಲಾಗಲಿ, ಕ್ಲಿನಿಕ್‌ಗೆ ಮೆಸೇಜ್ ಮಾಡ್ತಾ ಕೂರಬೇಡಿ. ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಯಾವ ದಿನ ಏನು ಚುಚ್ಚಿಸಿಕೊಂಡಿರಿ ಅಂತ ಮೊದಲೇ ಹೇಳಿ.

ಹೋಗಲೇಬೇಕು ಅನ್ನೋರು ಕಲಸುವಾಗ ಇದನ್ನ ನೋಡಿ. ವಯಲ್ ಫ್ರಿಜ್‌ನಿಂದ ಬರಬೇಕು, 2ರಿಂದ 8 ಡಿಗ್ರಿ. ಸಲೈನ್ ಸೂಜಿ ಚುಚ್ಚಿದ ತಕ್ಷಣ ವಯಲ್ ಒಳಗಿನ ನಿರ್ವಾತ ತಾನಾಗಿ ನೀರನ್ನ ಎಳೆದುಕೊಳ್ಳಬೇಕು. ಎಳೆಯಲಿಲ್ಲ ಅಂದರೆ ಆ ವಯಲ್ ಎಸೆಯಬೇಕು, ಅದು ಲೇಬಲ್‌ನಲ್ಲೇ ಇದೆ. ಹೆಂಡತಿ ಮೇಲಿನ ಸಿಟ್ಟು ಬಾಟಲಿ ಮೇಲೆ ಅನ್ನೋ ಹಾಗೆ ಗಡಗಡ ಅಲ್ಲಾಡಿಸಬಾರದು, ಮೆಲ್ಲಗೆ ತಿರುಗಿಸಬೇಕು. ಕಲಸಿದ ಮೇಲೆ ಲೇಬಲ್ ಪ್ರಕಾರ 24 ಗಂಟೆಯೊಳಗೆ ಬಳಸಿ ಮುಗಿಸಬೇಕು. ನಿನ್ನೆ ಮೊನ್ನೆಯವರಿಗೆ ಕೊಟ್ಟು ಮಿಕ್ಕಿದ್ದು ನಿಮಗೆ ಬರಬಾರದು. ವಯಲ್‌ನ ಲೇಬಲ್ ಫೋಟೋ ತೆಗೆದುಕೊಳ್ಳಿ, ಲಾಟ್ ನಂಬರ್, ಎಕ್ಸ್‌ಪೈರಿ ಕಾಣೋ ಹಾಗೆ. ಫೋಟೋ ಬೇಡ ಅಂತ ಕ್ಲಿನಿಕ್‌ನವರು ಅಂದರೆ ಅದೇ ನಿಮಗೆ ಉತ್ತರ.

ಸುಮ್ಮನೆ ಕೂತಾಗಲೂ ಎದ್ದು ಕಾಣೋ ಆಳವಾದ ಗೆರೆಗೆ ಇದು ಪೂರ್ತಿ ಉಪಾಯ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಇದು ಸ್ನಾಯು ಸಡಿಲಿಸುತ್ತೆ, ಹಳ್ಳ ತುಂಬಲ್ಲ. ಹಣೆ ಪೂರ್ತಿ ಸಡಿಲಿಸಿದರೆ ಹುಬ್ಬೇ ಜಾರುತ್ತೆ, ಯಾಕೆಂದರೆ ಹುಬ್ಬು ಎತ್ತೋಕೆ ಇರೋದು ಹಣೆಯ ಆ ಒಂದೇ ಸ್ನಾಯು. ಮೊದಲೇ ರೆಪ್ಪೆ ಭಾರ ಇರೋರು ತಮಗೇ ಗೊತ್ತಿಲ್ಲದೆ ದಿನವಿಡೀ ಹುಬ್ಬು ಎತ್ತಿ ಹಿಡಿದಿರ್ತಾರೆ. ಅವರಿಗಂತೂ ಇದು ಇನ್ನೂ ಎಚ್ಚರದ ಕೆಲಸ.

ನಾವು ಕೊನೆಗೆ ಕೇಳಿದ್ದು ಮೂರೇ: ಬ್ರ್ಯಾಂಡ್ ಯಾವುದು, ಲಾಟ್ ನಂಬರ್ ಎಷ್ಟು, ಎಷ್ಟು ಎಂಎಲ್‌ನಲ್ಲಿ ಕಲಸಿದ್ರಿ. "ಅದೆಲ್ಲ ನಮ್ಮ ಒಳಗಿನ ಮಾಹಿತಿ ಮೇಡಂ" ಅಂತ ಒಂದು ಸಾಲು ಬಂತು. ಅವಳ ಮುಖದೊಳಗೆ ಏನಿದೆ ಅನ್ನೋದು ಅವರ ಒಳಗಿನ ಮಾಹಿತಿಯಂತೆ. ಅದಾದ ಮೇಲೆ ಕಳಿಸಿದ ಮೆಸೇಜುಗಳನ್ನ ಓದಿದ್ದಾರೆ, ಉತ್ತರ ಇಲ್ಲ. ರೆಪ್ಪೆ ಇವತ್ತಿಗೂ ಇಳಿದೇ ಇದೆ.