ಮಂಜಿನ ಮೇಲಿನ ಸ್ಪೈಡರ್‌ಮ್ಯಾನ್: ಹಳೆಯ ಯಂತ್ರ ಮತ್ತು ಎರಡು ಎಮ್ಯುಲೇಟರ್

ತೀರ್ಥಹಳ್ಳಿಯ ಮನೆಯ ಅಟ್ಟದಲ್ಲಿಟ್ಟಿದ್ದ, ಟಿವಿಗೆ ಜೋಡಿಸಿ ಆಡುವ ಹಳೆಯ ಪ್ಲೇಸ್ಟೇಷನ್ ಯಂತ್ರದ ಡಿಸ್ಕುಗಳಿಗೆ ಮಳೆಗಾಲದ ಶೀತದಿಂದ ಬೂಸ್ಟು ಹಿಡಿದಿತ್ತು. ಅವುಗಳಲ್ಲಿ ನೆವರ್‌ಸಾಫ್ಟ್ ಸಂಸ್ಥೆ 2000ದಲ್ಲಿ ರೂಪಿಸಿದ ‘ಸ್ಪೈಡರ್‌ಮ್ಯಾನ್’ ಮಾತ್ರ ಒರೆಸಿದ ಮೇಲೆ ಓಡಿತು. ಅದೂ ಕೈಕೊಡುವ ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದೇ ಆಟವನ್ನು ಮೂಲ ಯಂತ್ರದಲ್ಲಿ ಮತ್ತು ಎರಡು ಎಮ್ಯುಲೇಟರುಗಳಲ್ಲಿ, ಅಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳಲ್ಲಿ, ಆಡಿ ನೋಡಿದೆ: ಒಂದು ಡಕ್‌ಸ್ಟೇಷನ್, ಇನ್ನೊಂದು ಹಲವು ಎಮ್ಯುಲೇಟರುಗಳನ್ನು ಒಂದೆಡೆ ನಡೆಸುವ ರೆಟ್ರೋಆರ್ಚ್‌ನೊಳಗಿನ ಬೀಟಲ್ ಪಿಎಸ್‌ಎಕ್ಸ್.

ಮೂಲ ಯಂತ್ರವನ್ನು ಹಳೆಯ ಡಬ್ಬಾ ಟಿವಿಗೆ ಜೋಡಿಸಿದಾಗ ಸಿಗುವ ಚಿತ್ರಕ್ಕೆ ಈಗಲೂ ಸಾಟಿಯಿಲ್ಲ. ಬಣ್ಣಗಳ ಕೊರತೆಯನ್ನು ಮರೆಮಾಚಲು ಆ ಯಂತ್ರ ಹರಡುವ ಚುಕ್ಕಿಗಳು ಟಿವಿಯ ಗಾಜಿನ ಮೇಲೆ ಒಂದರೊಳಗೊಂದು ಬೆರೆತುಹೋಗುತ್ತವೆ. ಆದರೆ ಡಿಸ್ಕ್ ಓದುವ ಲೆನ್ಸ್ ಜಾರುವ ಹಳಿ ಸವೆದಿರುವುದರಿಂದ ಯಂತ್ರವನ್ನು ತಲೆಕೆಳಗಾಗಿಟ್ಟು ಆಡಬೇಕಾಯಿತು, ಇನ್ನು ಅದರ ಆಯುಷ್ಯವನ್ನು ನಂಬುವಂತಿಲ್ಲ.

ಡಕ್‌ಸ್ಟೇಷನ್ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ತಡವರಿಸದೆ ಓಡಿತು. ಚಿತ್ರ ಕಟ್ಟುವ ತ್ರಿಕೋನಗಳ ಮೂಲೆಗಳನ್ನು ಪೂರ್ಣಾಂಕಗಳಲ್ಲಷ್ಟೇ ಗುರುತಿಸುವ ಪ್ಲೇಸ್ಟೇಷನ್‌ನಲ್ಲಿ ಕಟ್ಟಡಗಳ ಅಂಚುಗಳು ಸದಾ ನಡುಗುತ್ತಿದ್ದವು. ಇಲ್ಲಿ ಆ ಮೂಲೆಗಳನ್ನು ಇನ್ನೂ ನಿಖರವಾಗಿ ಗುರುತಿಸುವ ಪಿಜಿಎಕ್ಸ್‌ಪಿ ಎಂಬ ಆಯ್ಕೆಯನ್ನು ಹಾಕಿದೊಡನೆ ಆ ನಡುಕ ಬಹುಮಟ್ಟಿಗೆ ನಿಂತಿತು. ರೆಸಲ್ಯೂಷನ್ನನ್ನು ಐದು ಪಟ್ಟು ಏರಿಸಿದಾಗ ಮಾತ್ರ ನನಗೆ ಕಸಿವಿಸಿಯಾಯಿತು. ಈ ಆಟದಲ್ಲಿ ನ್ಯೂಯಾರ್ಕಿನ ಬೀದಿಗಳೆಲ್ಲ ಮಂಜಿನಡಿ ಹುದುಗಿವೆ. ಕೇವಲ 2 ಎಂಬಿ ಮುಖ್ಯ ಮೆಮೊರಿಯಿದ್ದ ಯಂತ್ರಕ್ಕೆ ಇಡೀ ನಗರವನ್ನು ಬಿಡಿಸುವ ಶಕ್ತಿ ಇರಲಿಲ್ಲವಾದ್ದರಿಂದ, ತಯಾರಕರು ಆ ಮುಸುಕನ್ನು ಖಳರ ಸಂಚೆಂದು ಕಥೆಯೊಳಕ್ಕೇ ಸೇರಿಸಿದ್ದರು. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದವರಿಗೆ ಆ ಮಂಜು ಹೊಸತೇನಲ್ಲ. ಮಸುಕು ಚಿತ್ರದಲ್ಲಿ ನಿಗೂಢವಾಗಿ ತೋರುತ್ತಿದ್ದ ಅದು ಚೊಕ್ಕ ಚಿತ್ರದಲ್ಲಿ ಬಣ್ಣ ಬಳಿದ ಪರದೆಯಂತೆ ಕಾಣುತ್ತದೆ.

ಮೆಡ್ನಾಫೆನ್ ಎಂಬ ಎಮ್ಯುಲೇಟರಿನಿಂದ ಕವಲೊಡೆದ ಬೀಟಲ್, ಗ್ರಾಫಿಕ್ಸ್ ಚಿಪ್ ಬಳಸದೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ರೆಂಡರರ್‌ನಲ್ಲಿ ಮೂಲ ಗಾತ್ರದ ಚಿತ್ರವನ್ನೇ ಕೊಟ್ಟಿತು. ಅದರ ಮೇಲೆ ಹಳೆಯ ಟಿವಿಯ ಗೆರೆಗಳನ್ನು ಅನುಕರಿಸುವ ಶೇಡರ್ ಎಂಬ ದೃಶ್ಯ ಪರಿಣಾಮ ಹಾಕಿದಾಗ ಮಂಜಿಗೆ ಮರಳಿ ಜೀವ ಬಂತು. ಆದರೆ ಮೆನುಗಳೊಳಗಿನ ಮೆನುಗಳು ತಾಳ್ಮೆಗೆಡಿಸುತ್ತವೆ, ಲ್ಯಾಪ್‌ಟಾಪ್ ಕೂಡ ಹೆಚ್ಚು ಬಿಸಿಯಾಗುತ್ತದೆ. ಹಾಗಿದ್ದರೂ ಈ ಆಟಕ್ಕೆ ನನ್ನ ಆಯ್ಕೆ ಬೀಟಲ್. ಶಿವಮೊಗ್ಗದಿಂದ ರಜೆಗೆ ಬರುವ ಅಕ್ಕನ ಮಗನಿಗೆ ಡಕ್‌ಸ್ಟೇಷನ್ನೇ ಚೆಂದ. ಅವನು ಆ ಡಬ್ಬಾ ಟಿವಿಯನ್ನು ಕಂಡವನಲ್ಲ.

ಕಾಪಿಡುವ ವಿಚಾರದಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ. ಡಿಸ್ಕಿನ ಪ್ರತಿಯನ್ನು ದತ್ತಾಂಶ ಕಳೆಯದೆ ಕುಗ್ಗಿಸಿಡುವ ಸಿಎಚ್‌ಡಿ ಕಡತವನ್ನು ಎರಡೂ ಓದುತ್ತವೆ, ಮೂಲ ಯಂತ್ರವನ್ನು ಚಾಲೂ ಮಾಡುವ 512 ಕೆಬಿಯ ತಂತ್ರಾಂಶವಾದ ಬಯಾಸ್ ಎರಡಕ್ಕೂ ಬೇಕು. ಕರೆಂಟು ಹೋಗುವ ಭಯದಲ್ಲಿ ನಾನು ಮೊದಲು, ಆಟದ ಆ ಕ್ಷಣವನ್ನು ಇದ್ದಂತೆಯೇ ಉಳಿಸುವ ಸೇವ್ ಸ್ಟೇಟನ್ನೇ ನೆಚ್ಚಿಕೊಂಡಿದ್ದೆ. ಆದರೆ ಒಂದು ಎಮ್ಯುಲೇಟರಿನ ಸ್ಟೇಟ್ ಮತ್ತೊಂದರಲ್ಲಿ ತೆರೆಯುವುದಿಲ್ಲ. ಆಟದೊಳಗೇ ಸೇವ್ ಮಾಡಿದ 128 ಕೆಬಿಯ ಮೆಮೊರಿ ಕಾರ್ಡ್ ಕಡತವಾದರೋ, ಹೆಸರು ಬದಲಿಸಿದ್ದಷ್ಟೇ, ಎರಡರಲ್ಲೂ ತೆರೆಯಿತು.