ರಾಗಿಗೆ ಅಕ್ಕಡಿ: ತೊಗರಿಯೋ, ಅವರೆಯೋ, ಅಲಸಂದೆಯೋ?

ಹೊಸದುರ್ಗ ತಾಲ್ಲೂಕಿನ ನಮ್ಮ 2 ಎಕರೆ ಕೆಂಪು ಹೊಲದಲ್ಲಿ 2022ರಿಂದ 2024ರವರೆಗೆ ರಾಗಿಯ ನಡುವೆ ತೊಗರಿ, ಅವರೆ ಮತ್ತು ಅಲಸಂದೆಯನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಅಕ್ಕಡಿಯಾಗಿ, ಅಂದರೆ ಸಾಲುಗಳ ನಡುವಿನ ಅಂತರ ಬೆಳೆಯಾಗಿ, ಬಿತ್ತಿ ನೋಡಿದೆ. 8 ಸಾಲು ರಾಗಿಗೆ 2 ಸಾಲು ಅಕ್ಕಡಿ ಎಂಬ ಲೆಕ್ಕವನ್ನು ಮೂರಕ್ಕೂ ಒಂದೇ ರೀತಿ ಇಟ್ಟುಕೊಂಡಿದ್ದೆ. ಮೊದಲೆಲ್ಲ ಬಿತ್ತನೆಗೆ ಮುಂಚೆ ಪೇಟೆಯ ಧಾರಣೆಯನ್ನು ವಿಚಾರಿಸುತ್ತಿದ್ದೆ. ಈಗ ಗಿಡ ಹೂವಿಗೆ ಬರುವ ಹೊತ್ತಿಗೆ ನೆಲದಲ್ಲಿ ಹಸಿ ಉಳಿದಿರುತ್ತದೆಯೇ ಎಂಬುದನ್ನು ಮೊದಲು ಯೋಚಿಸುತ್ತೇನೆ.

ಪಕ್ಕದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯವು 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ನಮ್ಮ ಹೊಲದ ತಗ್ಗಿನಲ್ಲಿ ನೀರು ನಿಂತು, ಅಲ್ಲಿದ್ದ ತೊಗರಿ ಗಿಡಗಳು ಸೊರಗಿ ಒಣಗಿಹೋದವು. ಅದೇ ಬೀಜ ಇಳಿಜಾರಿನ ಮೇಲ್ಭಾಗದಲ್ಲಿ ಸೊಂಪಾಗಿ ಬೆಳೆದು ತುಂಬ ಕಾಯಿ ಕಟ್ಟಿತು. ಮರುವರ್ಷದ ಬರದಲ್ಲಿ ರಾಗಿಯ ತೆನೆ ಜೊಳ್ಳಾದರೂ ಆಳಕ್ಕಿಳಿದ ಬೇರಿನ ಬಲದಿಂದ ತೊಗರಿ ಹಸಿರಾಗಿಯೇ ನಿಂತಿತ್ತು, ಆದರೆ ಹೂ ಉದುರಿ, ಉಳಿದ ಕಾಯಿಗೆ ಕಾಯಿಕೊರಕ ಬಿದ್ದು, ಕೈಗೆ ಬಂದದ್ದು ಅತ್ಯಲ್ಪ. ರಾಗಿ ಕೊಯ್ದ ಮೇಲೂ ತೊಗರಿ ಹೊಲದಲ್ಲೇ ನಿಲ್ಲುವುದರಿಂದ ದನಕರುಗಳಿಂದ ಕಾಯುವ ಕೆಲಸ ಬೇರೆ ಇರುತ್ತದೆ. ಇಷ್ಟಾದರೂ ಮಾರಿ ಹಣ ಮಾಡಿಕೊಳ್ಳಲು ಇದಕ್ಕೆ ಸಾಟಿಯಿಲ್ಲ. ಮನೆಗೆ ಬೇಕಾದಷ್ಟನ್ನು ಅಮ್ಮ ಇಂದಿಗೂ ಕೆಮ್ಮಣ್ಣು ಕಟ್ಟಿ ಒಣಗಿಸಿ ಬೇಳೆ ಮಾಡುತ್ತಾರೆ.

ನಾಟಿ ಅವರೆಯನ್ನು ಜುಲೈನಲ್ಲಿ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಬಿಡುವುದಿಲ್ಲ. ಮೊದಲ ವರ್ಷ ಬಳ್ಳಿ ಬರೀ ಎಲೆಯಾಗಿ ಹಬ್ಬುವುದನ್ನು ಕಂಡು ಬೀಜವೇ ಸರಿಯಿಲ್ಲವೆಂದು ತಿಳಿದಿದ್ದೆ. ಚಳಿ ಬಿದ್ದು ಇಬ್ಬನಿ ಸುರಿಯತೊಡಗಿದ ಮೇಲೆ ಹೊಲವೆಲ್ಲ ಸೊಗಡಿನ ವಾಸನೆಯಿಂದ ತುಂಬಿತು. ದಿನದ ಉದ್ದವನ್ನು ಕಾಯದೆ ಹೂ ಬಿಡುವ ಹೆಬ್ಬಾಳ ಅವರೆ-4ರಂಥ ತಳಿಗಳು ಇವೆಯಾದರೂ, ಮುದ್ದೆಗೆ ಹಿದುಕಿದ ಬೇಳೆಯ ಸಾರು ಮಾಡುವ ಮನೆಯವರಿಗೆ ಸೊಗಡಿನ ನಾಟಿ ಕಾಯಿಯೇ ಬೇಕು, ಮತ್ತು ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ಅವರ ಪಕ್ಷ. ಹೂವಿನ ಗೊನೆಗೆ ಹೇನು ಕೂರುವುದೊಂದೇ ಇದರ ದೊಡ್ಡ ಕಾಟ.

ಅಲಸಂದೆ ಸುಮಾರು 80 ದಿನಕ್ಕೇ ಮುಗಿಯುವ ಬೆಳೆಯಾದ್ದರಿಂದ 2023ರಲ್ಲಿ ಬಿತ್ತಿದ ಬೀಜಕ್ಕೆ ಮೋಸವಾಗದಂತೆ ಕಾಳು ಕೊಟ್ಟದ್ದು ಇದೊಂದೇ. ಆದರೆ ಬಳ್ಳಿ ರಾಗಿಯನ್ನು ಸುತ್ತಿ ಎಳೆಯುತ್ತದೆ, ಕಾಯಿ ಬಿಡಿಸಲು ಸಾಲಿನೊಳಗೆ ನಡೆದವರ ಕಾಲಿಗೆ ರಾಗಿ ಬೀಳುತ್ತದೆ, ಮತ್ತು ಚೆನ್ನಾಗಿ ಬಿಸಿಲಿಗೆ ಹಾಕದೆ ಡಬ್ಬಿಗೆ ತುಂಬಿದ ಕಾಳು ಕೆಲವೇ ವಾರಗಳಲ್ಲಿ ಹುಳು ಬಿದ್ದು ತೂತಾಗುತ್ತದೆ.

ಮಣ್ಣಿಗೆ ಯಾವುದು ಮೇಲು ಎಂದು ತಿಳಿಯಲು ಹೂವಿನ ಕಾಲದಲ್ಲಿ ಮೂರರ ಬೇರನ್ನೂ ಅಗೆದು ನೋಡಿದೆ. ಗಂಟುಗಳನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತಿವೆ ಎಂದರ್ಥ. ಮೂರರಲ್ಲೂ ಆ ಬಣ್ಣವಿತ್ತು. ಆದರೆ ಹೀಗೆ ಹಿಡಿದ ಸಾರಜನಕದ ಬಹುಪಾಲು ಕಾಳಿಗೇ ಸೇರುವುದರಿಂದ, ಗಿಡವನ್ನು ಬೇರುಸಹಿತ ಕಿತ್ತು ಕಣಕ್ಕೆ ಒಯ್ದರೆ ಹೊಲಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ತೊಗರಿ ತಿಂಗಳುಗಟ್ಟಲೆ ಎಲೆ ಉದುರಿಸುತ್ತದೆ. ಮೂರನೆಯ ವರ್ಷ ಅದರ ಸಾಲಿನ ಪಕ್ಕದ ಮಣ್ಣು ಕುಂಟೆಗೆ ಸಲೀಸಾಗಿ ಸಿಕ್ಕಿತು.

ಈ ಸಲ ಇಳಿಜಾರಿನ ಮೇಲ್ಭಾಗಕ್ಕೆ ತೊಗರಿ, ಮನೆಯ ಹತ್ತಿರದ ಪಟ್ಟಿಗೆ ಅವರೆ. ಅಲಸಂದೆಯನ್ನು ರಾಗಿಯಿಂದ ಬಿಡಿಸಿ ಪ್ರತ್ಯೇಕ ತುಂಡಿನಲ್ಲಿ ಬಿತ್ತಿ, ಕಾಯಿ ಬಿಡಿಸಿದ ಮೇಲೆ ಅರ್ಧ ಬಳ್ಳಿಯನ್ನು ದನಕ್ಕೆ ಹಾಕಿ, ಉಳಿದರ್ಧವನ್ನು ಹಸಿ ಇರುವಾಗಲೇ ಮಣ್ಣಿಗೆ ಸೇರಿಸಿ ಉಳುತ್ತೇನೆ.